ವಾಟ್ಸ್‌ಆ್ಯಪ್ ಗ್ರೂಪ್ ಬಿಟ್ಟು ಟೀಮ್ಸ್‌ಗೆ ಹೋಗುವ ಮುನ್ನ: ಆರು ವಾರದ ಪೈಲಟ್ ಮಾಡುವುದು ಹೇಗೆ?

ಬಹಳಷ್ಟು ಕಂಪನಿಗಳಲ್ಲಿ ಹೊಸ ಸಾಫ್ಟ್‌ವೇರ್ ಬರುವುದು ಹೀಗೆ. ಸೋಮವಾರ ಬೆಳಿಗ್ಗೆ ಎಂಡಿ ಕಡೆಯಿಂದ ಒಂದು ಮೇಲ್: ‘ಇವತ್ತಿನಿಂದ ಎಲ್ಲರೂ ಟೀಮ್ಸ್ ಬಳಸಬೇಕು.’ (ಟೀಮ್ಸ್ ಅಂದರೆ ಆಫೀಸಿನ ಮಾತುಕತೆಗೆಂದು ಮೈಕ್ರೋಸಾಫ್ಟ್ ಮಾಡಿರುವ ಆ್ಯಪ್.) ಮಧ್ಯಾಹ್ನ ಒಂದು ಗಂಟೆ ಪಿಪಿಟಿ, ಜೊತೆಗೆ ಸಮೋಸ, ಟೀ. ಮೊದಲ ವಾರ ಎಲ್ಲರೂ ಒಬ್ಬರಿಗೊಬ್ಬರು ‘ಹಾಯ್’ ಅಂದುಕೊಳ್ಳುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿ ಉಳಿಯುವುದು ಎಚ್‌ಆರ್‌ನವರು ಹಾಕುವ ಹುಟ್ಟುಹಬ್ಬದ ಶುಭಾಶಯ ಮಾತ್ರ. ಕೆಲಸದ ಮಾತೆಲ್ಲ ಮತ್ತೆ ವಾಟ್ಸ್‌ಆ್ಯಪ್‌ನಲ್ಲೇ. ಲೈಸೆನ್ಸ್ ದುಡ್ಡು ಮಾತ್ರ ತಿಂಗಳು ತಿಂಗಳು ತಪ್ಪದೆ ಕಟ್ ಆಗುತ್ತದೆ.

ಇದಕ್ಕೆ ಸಾಫ್ಟ್‌ವೇರನ್ನು ಬೈದು ಪ್ರಯೋಜನವಿಲ್ಲ. ಟೀಮ್ಸ್, ಸ್ಲ್ಯಾಕ್, ಗೂಗಲ್ ಚಾಟ್, ಜೋಹೊ ಕ್ಲಿಕ್, ಯಾವುದನ್ನು ತೆಗೆದುಕೊಂಡರೂ ಕೆಲಸ ನಡೆಯುತ್ತದೆ. ಕಷ್ಟ ಇರುವುದು ಹಳೆಯ ದಾರಿ ಮುಚ್ಚುವುದರಲ್ಲಿ. ಒಂದೇ ಒಂದು ಕೆಲಸವನ್ನು ಪೂರ್ತಿಯಾಗಿ ಹೊಸ ಕಡೆಗೆ ಸಾಗಿಸಿ, ಅದಕ್ಕಿದ್ದ ಹಳೆಯ ದಾರಿ ಮುಚ್ಚಿ, ಆಗ ಏನಾಗುತ್ತದೆ ಅಂತ ನೋಡಬೇಕು. ನಾನು ಪೈಲಟ್ ಅನ್ನುವುದು ಅದಕ್ಕೆ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದಂಥ ಕಡೆ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿ. ಸುಮಾರು 180 ಜನ. ಕೆಳಗೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಸಿಎನ್‌ಸಿ ಮಷೀನುಗಳು, ಮೂರು ಶಿಫ್ಟ್. ಮೇಲಿನ ಮಹಡಿಯಲ್ಲಿ ಡಿಸೈನ್, ಪರ್ಚೇಸ್, ಅಕೌಂಟ್ಸ್. ಹುಬ್ಬಳ್ಳಿಯಲ್ಲೊಬ್ಬರು, ಹೊಸೂರಿನಲ್ಲೊಬ್ಬರು ಸೇಲ್ಸ್‌ನವರು. ಐಟಿಗೆ ಒಬ್ಬರೇ, ಪ್ರಿಂಟರ್ ಕೆಟ್ಟರೂ ಅವರನ್ನೇ ಕರೆಯಬೇಕು. ಇಂಥ ಕಡೆ ಹೇಗೆ ಶುರು ಮಾಡಬೇಕು ಅಂತ ನೋಡೋಣ. ನಿಮ್ಮದು ಆಸ್ಪತ್ರೆಯೋ ಶಾಲೆಯೋ ಆಡಿಟರ್ ಆಫೀಸೋ ಆಗಿದ್ದರೂ ಹೆಜ್ಜೆಗಳು ಹೆಚ್ಚುಕಮ್ಮಿ ಇವೇ.

1. ಯಾವ ಕೆಲಸ ಅಂತ ಮೊದಲು ಬರೆದಿಡಿ

‘ಸಂವಹನ ಸುಧಾರಿಸಬೇಕು’ ಅನ್ನುವುದು ಗುರಿಯಲ್ಲ. ಅದನ್ನು ಯಾರೂ ಅಳೆಯಲಾರರು. ಅದರ ಬದಲು ಒಂದು ವಾರ ಸುಮ್ನೆ ಗಮನಿಸಿ: ಯಾವ ವಿಷಯಕ್ಕೆ ಜನ ಪದೇ ಪದೇ ಫೋನ್ ಮಾಡುತ್ತಾರೆ? ಯಾವುದನ್ನು ಹುಡುಕಲು ಗ್ರೂಪಿನಲ್ಲಿ ಮೇಲೆ ಮೇಲೆ ಸ್ಕ್ರೋಲ್ ಮಾಡುತ್ತಾರೆ? ‘ಅದು ಆಗ್ಲೇ ಹಾಕಿದ್ನಲ್ಲ ಸರ್’ ಅನ್ನುವ ಮಾತು ಎಲ್ಲಿ ಜಾಸ್ತಿ ಬರುತ್ತದೆ?

ನಮ್ಮ ಉದಾಹರಣೆಯ ಕಂಪನಿಯಲ್ಲಿ ಎರಡು ಕೆಲಸ ಎದ್ದು ಕಾಣುತ್ತವೆ. ಒಂದು, ಶಿಫ್ಟ್ ಹ್ಯಾಂಡೋವರ್. ರಾತ್ರಿ ಪಾಳಿಯಲ್ಲಿ ಏನಾಯ್ತು ಅಂತ ಬೆಳಿಗ್ಗೆ ಆರಕ್ಕೆ ಬರುವವರಿಗೆ ಗೊತ್ತಾಗಬೇಕು. ಇನ್ನೊಂದು, ಡ್ರಾಯಿಂಗ್ ರೆವಿಷನ್. ಗ್ರಾಹಕರು ಡ್ರಾಯಿಂಗ್ ಬದಲಾಯಿಸಿದಾಗ ಹೊಸದು ಮಷೀನ್ ಹತ್ತಿರ ತಲುಪಬೇಕು, ಹಳೆಯದು ಅಲ್ಲಿಂದ ಎದ್ದು ಹೋಗಬೇಕು. ವಾಟ್ಸ್‌ಆ್ಯಪ್‌ನಲ್ಲಿ ಡ್ರಾಯಿಂಗಿನ ಫೋಟೊ ಹಾಕಿದರೆ ಅದು ಕುಗ್ಗಿ, ಅಳತೆಯ ಅಂಕಿ ಮಸುಕಾಗುತ್ತದೆ. 8 ಇದೆಯೋ 6 ಇದೆಯೋ ಗೊತ್ತಾಗುವುದಿಲ್ಲ. ರೆವಿಷನ್ ಬಿ, ರೆವಿಷನ್ ಸಿ ಎರಡೂ ಒಂದೇ ಗ್ರೂಪಿನಲ್ಲಿ, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಕೂತಿರುತ್ತವೆ. ತಪ್ಪು ಫೈಲ್ ತೆರೆದರೆ ಒಂದು ಬ್ಯಾಚ್ ಪೂರ್ತಿ ಸ್ಕ್ರ್ಯಾಪ್.

ಪೈಲಟ್‌ಗೆ ಆರಿಸುವ ಕೆಲಸ ದಿನಾ ನಡೆಯುವಂಥದ್ದಾಗಿರಲಿ. ಕನಿಷ್ಠ ಮೂರು ವಿಭಾಗಕ್ಕಾದರೂ ಸಂಬಂಧಪಟ್ಟಿರಲಿ. ಈಗಿನ ವ್ಯವಸ್ಥೆಯಿಂದ ಜನಕ್ಕೆ ನಿಜವಾಗಿ ಕಿರಿಕಿರಿ ಆಗುತ್ತಿರಲಿ. ಎರಡು ದಿನ ಎಡವಟ್ಟಾದರೂ ಡಿಸ್ಪ್ಯಾಚ್ ನಿಲ್ಲದಂಥದ್ದಾಗಿರಲಿ. ಹಾಗೆ ನೋಡಿದರೆ ಹ್ಯಾಂಡೋವರ್ ಮೊದಲು, ಡ್ರಾಯಿಂಗ್ ಮೂರನೇ ವಾರದಿಂದ. ರಜೆ ಅರ್ಜಿ, ಕ್ಯಾಂಟೀನ್ ಮೆನು, ಹುಟ್ಟುಹಬ್ಬ ಇವೆಲ್ಲ ಈಗ ಬೇಡ. ಅವು ಬಂದರೆ ಜನ ಇದನ್ನು ಸೂಚನಾ ಫಲಕ ಅಂದುಕೊಂಡು ಮರೆತುಬಿಡುತ್ತಾರೆ.

2. ಸಾಫ್ಟ್‌ವೇರ್ ಆಯ್ಕೆಗೆ ತಿಂಗಳುಗಟ್ಟಲೆ ಬೇಡ

ನೀವು ಈಗಾಗಲೇ ಮೇಲ್‌ಗೆ ಯಾರಿಗೆ ದುಡ್ಡು ಕೊಡುತ್ತಿದ್ದೀರಿ? ಮೈಕ್ರೋಸಾಫ್ಟ್ 365 ಆಗಿದ್ದರೆ ನಿಮ್ಮ ಪ್ಲಾನ್‌ನಲ್ಲಿ ಟೀಮ್ಸ್ ಸೇರಿದೆಯಾ ನೋಡಿ. ಗೂಗಲ್ ವರ್ಕ್‌ಸ್ಪೇಸ್ ಆಗಿದ್ದರೆ ಚಾಟ್, ಜೋಹೊ ವರ್ಕ್‌ಪ್ಲೇಸ್ ಆಗಿದ್ದರೆ ಕ್ಲಿಕ್. ಅದರಿಂದಲೇ ಶುರು ಮಾಡಿ. ಡೇಟಾ ನಮ್ಮ ಸರ್ವರಿನಲ್ಲೇ ಇರಬೇಕು ಅನ್ನುವವರಿಗೆ ಮ್ಯಾಟರ್‌ಮೋಸ್ಟ್, ಜುಲಿಪ್, ರಾಕೆಟ್ ಚಾಟ್ ಇವೆ. ಆದರೆ ಸರ್ವರ್ ನೋಡಿಕೊಳ್ಳುವವರು ಬೇಕು. ಪ್ರಿಂಟರ್ ರಿಪೇರಿಯನ್ನೂ ಮಾಡುವ ಒಬ್ಬರೇ ಐಟಿಯವರ ಮೇಲೆ ಅದನ್ನೂ ಹೇರಬೇಡಿ.

ಉಚಿತ ಪ್ಲಾನ್‌ನಲ್ಲಿ ಪೈಲಟ್ ಮಾಡುವವರು ಒಂದು ವಿಷಯ ನೋಡಿಕೊಳ್ಳಬೇಕು. ಸ್ಲ್ಯಾಕ್ 2022ರ ಸೆಪ್ಟೆಂಬರ್‌ನಲ್ಲಿ ಉಚಿತ ಪ್ಲಾನ್‌ನ ನಿಯಮ ಬದಲಾಯಿಸಿತು. ಅಂದಿನಿಂದ 90 ದಿನಕ್ಕಿಂತ ಹಳೆಯ ಸಂದೇಶ ಕಾಣುವುದಿಲ್ಲ. ಪೈಲಟ್ ಎಳೆದಾಡಿ ನಾಲ್ಕು ತಿಂಗಳಾದರೆ ಮೊದಲ ತಿಂಗಳ ಮಾತೆಲ್ಲ ಕಣ್ಮರೆ. ಹಳೆಯದನ್ನು ಹುಡುಕಲು ಆಗಬೇಕು ಅಂತಲೇ ಅಲ್ವಾ ನಾವು ಬಂದಿದ್ದು?

ಹೊರಗೆ ಬರುವ ದಾರಿಯನ್ನೂ ಮೊದಲೇ ನೋಡಿ. ಫೇಸ್‌ಬುಕ್‌ನ ಮೆಟಾ ಕಂಪನಿ ಆಫೀಸುಗಳಿಗೆಂದು ನಡೆಸುತ್ತಿದ್ದ ತನ್ನ ‘ವರ್ಕ್‌ಪ್ಲೇಸ್’ ಅನ್ನು ಮುಚ್ಚುವುದಾಗಿ 2024ರ ಮೇ ತಿಂಗಳಲ್ಲಿ ಹೇಳಿತು. ಸ್ಕೈಪ್ 2025ರ ಮೇನಲ್ಲಿ ನಿಂತೇ ಹೋಯಿತು. ದೊಡ್ಡ ಹೆಸರು ಅಂದ ಮಾತ್ರಕ್ಕೆ ಶಾಶ್ವತ ಅಲ್ಲ. ಹಾಗಾಗಿ ಪೈಲಟ್‌ನ ಮೊದಲ ವಾರದಲ್ಲೇ ಒಂದು ಚಾನೆಲ್‌ನ (ಅಂದರೆ ಒಂದು ವಿಷಯಕ್ಕೆಂದೇ ಇರುವ ಗ್ರೂಪಿನ) ಸಂದೇಶ ಮತ್ತು ಫೈಲ್‌ಗಳನ್ನು ಹೊರಗೆ ತೆಗೆದು ನೋಡಿ. ಮಾರುವವರು ‘ಆಗುತ್ತೆ ಸರ್’ ಅಂದರೆ ಸಾಲದು, ನಿಮ್ಮ ಐಟಿಯವರ ಕೈಯಲ್ಲಿ ಆಗಬೇಕು.

3. ಜನರನ್ನು ಆರಿಸುವಾಗ ಸರಪಳಿ ತುಂಡಾಗಬಾರದು

ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ, ‘ಯಾರಿಗೆ ಆಸಕ್ತಿ ಇದೆ?’ ಅಂತ ಕೇಳಿ ಕೈ ಎತ್ತಿದವರನ್ನು ಸೇರಿಸಿಕೊಳ್ಳುತ್ತಾರೆ. ಎಲ್ಲ ವಿಭಾಗದಿಂದ ಇಬ್ಬಿಬ್ಬರು, ಎಲ್ಲರೂ ಮೂವತ್ತರೊಳಗಿನವರು, ಎಲ್ಲರಿಗೂ ಹೊಸ ಆ್ಯಪ್ ಅಂದರೆ ಇಷ್ಟ. ಇವರ ನಡುವೆ ಯಾವ ಸಾಫ್ಟ್‌ವೇರ್ ಕೊಟ್ಟರೂ ಗೆಲ್ಲುತ್ತದೆ. ಆ ಗೆಲುವಿನಿಂದ ನಿಮಗೇನೂ ಗೊತ್ತಾಗುವುದಿಲ್ಲ.

ಆರಿಸಿದ ಕೆಲಸ ಯಾರ ಯಾರ ಕೈ ದಾಟುತ್ತದೋ ಅವರೆಲ್ಲ ಬರಬೇಕು. ಹ್ಯಾಂಡೋವರ್ ಅಂದರೆ ಮೂರೂ ಶಿಫ್ಟಿನ ಸೂಪರ್‌ವೈಸರ್‌ಗಳು, ಮಷೀನ್ ಹೊಂದಿಸಿ ಕೊಡುವ ಸೆಟ್ಟರ್‌ಗಳು, ಕ್ವಾಲಿಟಿಯವರು, ಮೇಂಟೆನೆನ್ಸ್, ಟೂಲ್ ಸ್ಟೋರ್ಸ್, ಪ್ಲಾನಿಂಗ್, ಪ್ರೊಡಕ್ಷನ್ ಮ್ಯಾನೇಜರ್. ಲೆಕ್ಕ ಹಾಕಿದರೆ 20–25 ಜನ ಆಗುತ್ತಾರೆ, ಸಾಕು. ಒಬ್ಬರು ಬಿಟ್ಟುಹೋದರೂ ಉಳಿದವರು ಅವರಿಗೋಸ್ಕರ ವಾಟ್ಸ್‌ಆ್ಯಪ್‌ಗೆ ವಾಪಸ್ ಹೋಗುತ್ತಾರೆ. ಅಲ್ಲಿಗೆ ಪೈಲಟ್ ಮುಗಿದ ಹಾಗೆ.

‘ಇದೆಲ್ಲ ನಮಗ್ಯಾಕೆ ಸ್ವಾಮಿ’ ಅನ್ನುವ ಒಬ್ಬ ಹಿರಿಯರನ್ನು ಬೇಕೆಂದೇ ಸೇರಿಸಿ. ಇಪ್ಪತ್ತು ವರ್ಷದಿಂದ ರಿಜಿಸ್ಟರ್ ಬರೆಯುತ್ತಿರುವವರಿಗೆ ಅದರಲ್ಲಿ ಏನೇನು ಇರಬೇಕು ಅಂತ ಚೆನ್ನಾಗಿ ಗೊತ್ತು. ಅವರ ಆಕ್ಷೇಪಣೆ ಪಟ್ಟಿ ಮಾಡಿಕೊಂಡರೆ ನಿಮ್ಮ ಅರ್ಧ ತಯಾರಿ ಆದಂತೆ.

ಮಷೀನ್ ಮೇಲೆ ಕೆಲಸ ಮಾಡುವವರಿಗೆ ಕಂಪನಿ ಮೇಲ್ ಐಡಿ ಇರುವುದಿಲ್ಲ. ಮೈಕ್ರೋಸಾಫ್ಟ್‌ನಲ್ಲಿ ಇಂಥವರಿಗಾಗಿಯೇ ಎಫ್1, ಎಫ್3 ಅನ್ನುವ ಕಡಿಮೆ ದರದ ಪ್ಲಾನ್‌ಗಳಿವೆ. ದುಡ್ಡು ಉಳಿಸಲು ಶಿಫ್ಟಿಗೊಂದು ಲಾಗಿನ್ ಮಾಡಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವ ಐಡಿಯಾ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ‘ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಬದಲಾಯಿಸಿದ್ದು ಯಾರು?’ ಅಂತ ಕೇಳಿದರೆ ‘ಶಿಫ್ಟ್ 3’ ಅಂತ ಉತ್ತರ ಬರುತ್ತದೆ.

ಸ್ವಂತ ಫೋನಿನಲ್ಲಿ ಆ್ಯಪ್ ಹಾಕಿಸಿಕೊಳ್ಳಲು ಜನ ಹಿಂಜರಿಯುವುದು ಸಹಜ. ‘ನನ್ನ ಫೋಟೊ ಕಂಪನಿಯವರು ನೋಡ್ತಾರಾ?’ ಅಂತ ಕೇಳುತ್ತಾರೆ. ಉತ್ತರ ನೇರವಾಗಿರಲಿ. ಬರೀ ಚಾಟ್ ಆ್ಯಪ್ ಹಾಕಿದ್ದರಿಂದ ನಿಮ್ಮ ಗ್ಯಾಲರಿ ಕಂಪನಿಗೆ ಕಾಣುವುದಿಲ್ಲ. ಆದರೆ ಆ ಆ್ಯಪ್‌ನೊಳಗೆ ನೀವು ಬರೆದದ್ದು ಕಂಪನಿಯದು, ಬೇಕಾದರೆ ಅದನ್ನು ತೆಗೆದು ಓದಬಹುದು. ಎರಡನ್ನೂ ಹೇಳಿ. ಎರಡನೆಯದನ್ನು ಮುಚ್ಚಿಟ್ಟು ಆಮೇಲೆ ಗೊತ್ತಾದರೆ ನಂಬಿಕೆ ಮತ್ತೆ ಬರುವುದಿಲ್ಲ. ಫೋನ್ ಕೊಡಲು ಇಷ್ಟವಿಲ್ಲದವರಿಗೆ ಸೂಪರ್‌ವೈಸರ್ ಟೇಬಲ್ ಮೇಲೆ ಒಂದು ಕಂಪ್ಯೂಟರ್ ಇರಲಿ.

4. ಕ್ಯಾಲೆಂಡರ್ ನೋಡಿ ದಿನ ಇಡಿ

ಆರು ವಾರ ಸಾಕು. ಎರಡು ವಾರದಲ್ಲಿ ಹೊಸತನದ ಉತ್ಸಾಹವೇ ಇಳಿದಿರುವುದಿಲ್ಲ. ಮೂರು ತಿಂಗಳಾದರೆ ಪೈಲಟ್ ಅನ್ನುವುದೇ ಮರೆತುಹೋಗುತ್ತದೆ.

ಮಾರ್ಚ್ ಬೇಡವೇ ಬೇಡ. ವರ್ಷದ ಕೊನೆಯ ಡಿಸ್ಪ್ಯಾಚ್ ಗಡಿಬಿಡಿಯಲ್ಲಿ ಯಾರೂ ಹೊಸದನ್ನು ಕಲಿಯುವುದಿಲ್ಲ. ಆಯುಧಪೂಜೆಯ ಆಚೀಚೆಯ ವಾರ ಮಷೀನ್ ತೊಳೆಯುವುದು, ಪೂಜೆ, ರಜೆ, ಊರಿಗೆ ಹೋಗಿ ಬರುವುದು, ಅದೂ ಬೇಡ. ಅಕೌಂಟ್ಸ್‌ನವರು ಪೈಲಟ್‌ನಲ್ಲಿದ್ದರೆ ಪ್ರತಿ ತಿಂಗಳ 11 ಮತ್ತು 20ನೇ ತಾರೀಕಿನ ಆಸುಪಾಸು ಅವರನ್ನು ಮಾತಾಡಿಸಬೇಡಿ. ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನಗಳವು. ಗ್ರಾಹಕರ ಆಡಿಟ್ ಇದ್ದರೆ ಅದು ಮುಗಿಯಲಿ. ಶುರು ಮಾಡುವ ದಿನ ಮಂಗಳವಾರವೋ ಬುಧವಾರವೋ ಇರಲಿ. ಸೋಮವಾರ ಎಲ್ಲರ ತಲೆಯಲ್ಲೂ ಬೇರೆ ನೂರೆಂಟು ಇರುತ್ತದೆ. (ರಾಹುಕಾಲ ನೋಡುವವರಿದ್ದರೆ ನೋಡಲಿ ಬಿಡಿ, ಅರ್ಧ ದಿನ ಆಚೀಚೆ ಆದರೆ ನಷ್ಟವೇನಿಲ್ಲ.)

5. ಮುಂಚಿನ ವಾರದ ತಯಾರಿ

ಚಾನೆಲ್ ನಾಲ್ಕೇ ಸಾಕು: ಹ್ಯಾಂಡೋವರ್, ಡ್ರಾಯಿಂಗ್, ಮೇಂಟೆನೆನ್ಸ್, ಮತ್ತು ‘ಪೈಲಟ್ ತಕರಾರು’. ಹೊಸ ಚಾನೆಲ್ ಮಾಡುವ ಅಧಿಕಾರ ಇಬ್ಬರಿಗೆ ಮಾತ್ರ. ಹೊರಗಿನವರನ್ನು ಸೇರಿಸುವ ಗೆಸ್ಟ್ ಸೌಲಭ್ಯ ಸದ್ಯಕ್ಕೆ ಬಂದ್. ಎರಡು ಹಂತದ ಲಾಗಿನ್ ಮೊದಲ ದಿನದಿಂದಲೇ ಇರಲಿ, ಆಮೇಲೆ ಸೇರಿಸಿದರೆ ಗಲಾಟೆ ಜಾಸ್ತಿ.

ಇನ್ನು ಕನ್ನಡದ ವಿಷಯ. ಹೊರಗಿನಿಂದ ಬರುವ ಸಲಹೆಗಾರರ ಪಟ್ಟಿಯಲ್ಲಿ ಇದು ಇರುವುದೇ ಇಲ್ಲ. ನಿಮ್ಮ ವರ್ಕ್ ಇನ್‌ಸ್ಟ್ರಕ್ಷನ್, ಸುರಕ್ಷತಾ ಸೂಚನೆ ಎಲ್ಲ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆಗಿರುವ ವರ್ಡ್ ಫೈಲುಗಳಾಗಿರಬಹುದು. ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆ) ಅಲ್ಲದ ಆ ಫಾಂಟ್ ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಇದೆ, ಸೆಟ್ಟರ್ ಫೋನಿನಲ್ಲಿ ಇಲ್ಲ. ಅಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ‘ಈ ಸಾಫ್ಟ್‌ವೇರ್‌ನಲ್ಲಿ ಕನ್ನಡ ಬರಲ್ಲ’ ಅಂತ ಮೊದಲ ದಿನವೇ ಸುದ್ದಿ ಹಬ್ಬುತ್ತದೆ. ಹಾಗಾಗಿ ಪೈಲಟ್‌ಗೆ ಬೇಕಾದ ಫೈಲುಗಳನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ. ಸಮಯವಿಲ್ಲದಿದ್ದರೆ ಪಿಡಿಎಫ್ ಮಾಡಿ ಹಾಕಿ. ಓದಲು ಬರುತ್ತದೆ, ಹುಡುಕಲು ಮಾತ್ರ ಬರುವುದಿಲ್ಲ.

ಹುಡುಕಾಟದ ಕಷ್ಟ ಇನ್ನೊಂದು ಥರದಲ್ಲೂ ಬರುತ್ತದೆ. ಒಬ್ಬರು ಕನ್ನಡದಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಇಂಗ್ಲಿಷ್‌ನಲ್ಲಿ, ಮತ್ತೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಮೂವರೂ ಹೇಳುವುದು ಒಂದೇ. ಸರ್ಚ್‌ನಲ್ಲಿ ಒಂದು ಹುಡುಕಿದರೆ ಉಳಿದೆರಡು ಸಿಗುವುದಿಲ್ಲ. ಎಲ್ಲರೂ ಹೀಗೇ ಬರೆಯಬೇಕು ಅಂತ ಕಟ್ಟುಪಾಡು ಹಾಕಿದರೆ ಬರೆಯುವುದನ್ನೇ ನಿಲ್ಲಿಸುತ್ತಾರೆ. ಸುಲಭದ ಉಪಾಯ ಅಂದರೆ, ಪ್ರತಿ ಸಂದೇಶದ ಮೊದಲಿಗೆ ಪಾರ್ಟ್ ನಂಬರ್, ಮಷೀನ್ ನಂಬರ್ ಇರಲಿ, ಡ್ರಾಯಿಂಗಿನಲ್ಲಿ ಹೇಗಿದೆಯೋ ಹಾಗೆಯೇ. ಆಮೇಲೆ ಯಾವ ಭಾಷೆಯಲ್ಲಿ ಬೇಕಾದರೂ ಬರೆಯಲಿ. ನಂಬರ್ ಹಾಕಿ ಹುಡುಕಿದರೆ ಎಲ್ಲವೂ ಸಿಗುತ್ತದೆ.

ನಿಯಮಗಳು ಅರ್ಧ ಹಾಳೆ ಮೀರಬಾರದು. ಅದನ್ನು ಪ್ರಿಂಟ್ ತೆಗೆದು ಸೂಪರ್‌ವೈಸರ್ ಟೇಬಲ್‌ಗೆ ಅಂಟಿಸಿ.

6. ತರಬೇತಿ ಮಷೀನ್ ಪಕ್ಕದಲ್ಲಿ

ಮೀಟಿಂಗ್ ರೂಮಿನ ಪಿಪಿಟಿ ಬೇಡ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ಬೆಳಿಗ್ಗೆ 5:45ಕ್ಕೆ ಅಲ್ಲೇ ಹೋಗಿ ನಿಲ್ಲಿ. ಆಗ ನಿಮಗೆ ಆಫೀಸಿನಲ್ಲಿ ಕೂತು ಕಾಣದ ಸಂಗತಿ ಕಾಣುತ್ತವೆ. ಸೂಪರ್‌ವೈಸರ್ ಕೈಯಲ್ಲಿ ಕೂಲೆಂಟ್ ಎಣ್ಣೆ. ಒರೆಸಿಕೊಂಡರೂ ಫೋನ್ ಪರದೆ ಸರಿಯಾಗಿ ಮುಟ್ಟಿಸಿಕೊಳ್ಳುವುದಿಲ್ಲ. ಕನ್ನಡದಲ್ಲಿ ಮಾತಾಡಿ ಟೈಪ್ ಮಾಡಿಸೋಣ ಅಂದರೆ ಮಷೀನ್ ಸದ್ದಿಗೆ ಅದು ಏನೇನೋ ಬರೆಯುತ್ತದೆ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಗುತ್ತದೆ.

ಇದಕ್ಕೆ ಒಪ್ಪಂದ ಹೀಗಿರಲಿ: ರಿಜಿಸ್ಟರ್ ಎಂದಿನಂತೆ ಬರೆಯಲಿ. ಆ ಪುಟದ ಒಂದು ಫೋಟೊ, ಜೊತೆಗೆ ಟೈಪ್ ಮಾಡಿದ ಒಂದೇ ಸಾಲು. ‘ವಿಎಂಸಿ 4, ಆಪರೇಷನ್ 30, ಬೋರ್ 0.02 ಜಾಸ್ತಿ ಬರ್ತಿತ್ತು. ಇನ್ಸರ್ಟ್ ಬದಲಾಯಿಸಿದೆ. ಮೊದಲ 5 ಪೀಸ್ ಚೆಕ್ ಮಾಡಿ.’ (ವಿಎಂಸಿ ಒಂದು ಬಗೆಯ ಸಿಎನ್‌ಸಿ ಮಷೀನ್, ಬೋರ್ ಅಂದರೆ ಕೊರೆದ ರಂಧ್ರ.) ಇಷ್ಟು ಬಂದರೆ ಸಾಕು, ಬೆಳಗಿನವರು ಅದರ ಕೆಳಗೇ ‘5 ನೋಡಿದೆ, ಸರಿ ಇದೆ’ ಅಂತ ಉತ್ತರಿಸುತ್ತಾರೆ. ಕೆಳಗೇ ಉತ್ತರಿಸುವುದು, ಹೊಸ ಸಂದೇಶ ಹಾಕದಿರುವುದು, ಇದೊಂದನ್ನು ಕೈ ಹಿಡಿದು ಕಲಿಸಿ. ವಾಟ್ಸ್‌ಆ್ಯಪ್ ಅಭ್ಯಾಸ ಇರುವವರಿಗೆ ಕಷ್ಟವಾಗುವುದು ಇದೇ. ಉಳಿದ ಬಟನ್‌ಗಳನ್ನು ಅವರೇ ಕಂಡುಕೊಳ್ಳುತ್ತಾರೆ. ಒಬ್ಬೊಬ್ಬರಿಗೆ 20 ನಿಮಿಷ, ಮೂರೂ ಶಿಫ್ಟಿಗೆ ನೀವೇ ಹೋಗಿ.

7. ಹಳೆಯ ಗ್ರೂಪ್ ಮುಚ್ಚಿ

ಮೊದಲ ವಾರ ಎರಡೂ ಕಡೆ ನಡೆಯಲಿ. ಎಂಟನೇ ದಿನ ಹ್ಯಾಂಡೋವರ್‌ನ ವಾಟ್ಸ್‌ಆ್ಯಪ್ ಗ್ರೂಪನ್ನು ಮುಚ್ಚಬೇಕು. ಅಳಿಸುವುದು ಬೇಡ, ಹಳೆಯ ಫೋಟೊ ಬೇಕಾಗುತ್ತದೆ. ಚಾಟ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಗ್ರೂಪ್ ಸೆಟಿಂಗ್‌ನಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಬದಲಾಯಿಸಿ. ‘ಹ್ಯಾಂಡೋವರ್ ಈಗ ಟೀಮ್ಸ್‌ನಲ್ಲಿ’ ಅಂತ ಕೊನೆಯ ಸಂದೇಶ.

ಆ ದಿನ ಸಂಜೆಯೊಳಗೆ ಯಾರೋ ಹೊಸ ಗ್ರೂಪ್ ಮಾಡಿರುತ್ತಾರೆ. ಬೈಯಬೇಡಿ, ಯಾಕೆ ಮಾಡಿದರು ಅಂತ ಕೇಳಿ. ಬಹುಶಃ ಟೀಮ್ಸ್ ನೋಟಿಫಿಕೇಷನ್ ಬರುತ್ತಿರಲಿಲ್ಲ. ಬ್ಯಾಟರಿ ಉಳಿಸಲು ಕೆಲವು ಫೋನುಗಳು ಆ್ಯಪನ್ನು ಮಲಗಿಸಿಬಿಡುತ್ತವೆ. ಆ ಸೆಟಿಂಗ್ ಬದಲಾಯಿಸಿ ಕೊಡಿ, ಗ್ರೂಪ್ ತಾನಾಗಿ ಸಾಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಮೇಲಿನಿಂದ ಬರುತ್ತದೆ. ರಾತ್ರಿ ಒಂಬತ್ತಕ್ಕೆ ಎಂಡಿ ಅಭ್ಯಾಸಬಲದಿಂದ ಪ್ರೊಡಕ್ಷನ್ ಮ್ಯಾನೇಜರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ‘ವಿಎಂಸಿ 4 ಏನಾಯ್ತು?’ ಅಂತ ಕೇಳುತ್ತಾರೆ. ಮ್ಯಾನೇಜರ್ ಅಲ್ಲೇ ಉತ್ತರಿಸಿದರೆ ಪೈಲಟ್ ಕೆಡುತ್ತದೆ. ಆದ್ದರಿಂದ ಶುರುವಾಗುವ ಮೊದಲೇ ಎಂಡಿ ಜೊತೆ ಕೂತು ಒಂದು ಮಾತು ತೆಗೆದುಕೊಳ್ಳಿ: ‘ಸರ್, ಈ ಆರು ವಾರ ಈ ಎರಡು ವಿಷಯ ಮಾತ್ರ ಚಾನೆಲ್‌ನಲ್ಲೇ ಕೇಳಬೇಕು. ಮರೆತು ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ, ಚಾನೆಲ್‌ನಲ್ಲಿದೆ ಸರ್ ಅಂತಷ್ಟೇ ಉತ್ತರ ಬರುತ್ತೆ, ಬೇಜಾರು ಮಾಡ್ಕೋಬೇಡಿ.’ ಈ ಮಾತು ಸಿಗದಿದ್ದರೆ ಪೈಲಟ್ ಮುಂದೂಡಿ.

ಗ್ರಾಹಕರು, ವೆಂಡರ್‌ಗಳು ವಾಟ್ಸ್‌ಆ್ಯಪ್‌ನಲ್ಲೇ ಇರುತ್ತಾರೆ. ಅವರನ್ನು ಎಳೆದು ತರಲಾಗದು, ತರುವುದೂ ಬೇಡ. ಅವರು ಕಳಿಸಿದ ಡ್ರಾಯಿಂಗನ್ನು ಚಾನೆಲ್‌ಗೆ ಹಾಕುವ ಹೊಣೆ ಡಿಸೈನ್‌ನ ಒಬ್ಬರದು, ಹೆಸರು ಹಾಕಿ ಬರೆದಿಡಿ. ಅದೂ ಹೊಸ ಫೈಲ್ ಆಗಿ ಬೇಡ. ಟೀಮ್ಸ್‌ನ ಚಾನೆಲ್ ಫೈಲುಗಳು ಶೇರ್‌ಪಾಯಿಂಟ್ ಅನ್ನುವ ಮೈಕ್ರೋಸಾಫ್ಟ್‌ನ ಫೈಲ್ ಸಂಗ್ರಹದಲ್ಲಿ ಕೂರುತ್ತವೆ. ಅದೇ ಹೆಸರಿನಲ್ಲಿ ಹಳೆಯದರ ಮೇಲೆ ಹಾಕಿದರೆ ಹಿಂದಿನ ಆವೃತ್ತಿ ಒಳಗೆ ಉಳಿಯುತ್ತದೆ, ಮೇಲೆ ಹೊಸದೊಂದೇ ಕಾಣುತ್ತದೆ. ರೆವಿಷನ್ ಅಕ್ಷರವನ್ನು ಫೈಲ್ ಹೆಸರಿಗೆ ಸೇರಿಸದೆ ಡ್ರಾಯಿಂಗಿನೊಳಗೇ ಬಿಡಿ.

8. ಏನನ್ನು ಅಳೆಯಬೇಕು?

ಅಡ್ಮಿನ್ ಪರದೆಯಲ್ಲಿ ‘ಸಕ್ರಿಯ ಬಳಕೆದಾರರು’ ಅಂತ ಚೆಂದದ ಗ್ರಾಫ್ ಬರುತ್ತದೆ. ಅದನ್ನು ನಂಬಬೇಡಿ. ಒಂದು ‘ಹಾಯ್’ ಹಾಕಿ ಸುಮ್ಮನಾದವರೂ ಅದರಲ್ಲಿ ಸಕ್ರಿಯರೇ. ಸಂದೇಶಗಳ ಸಂಖ್ಯೆಯೂ ಬೇಡ. ಕೆಲಸ ಸಲೀಸಾದರೆ ಸಂದೇಶ ಕಡಿಮೆಯೂ ಆಗಬಹುದು.

ಪೈಲಟ್‌ಗೆ ಮುಂಚಿನ ಎರಡು ವಾರ ಇವನ್ನು ಎಣಿಸಿಟ್ಟುಕೊಳ್ಳಿ: ಬೆಳಿಗ್ಗೆ 6:15ರೊಳಗೆ ಹ್ಯಾಂಡೋವರ್ ತಲುಪಿದ ದಿನ ಎಷ್ಟು? ಮನೆಗೆ ಹೋಗಿ ಮಲಗಿದ ರಾತ್ರಿ ಸೂಪರ್‌ವೈಸರ್‌ಗೆ ಫೋನ್ ಮಾಡಿ ಎಬ್ಬಿಸಿದ್ದು ಎಷ್ಟು ಸಲ? ಮಷೀನ್ ಹತ್ತಿರ ಹಳೆಯ ರೆವಿಷನ್ ಸಿಕ್ಕಿದ್ದು ಎಷ್ಟು ಸಲ? ಕೊನೆಯ ಎರಡು ವಾರ ಮತ್ತೆ ಎಣಿಸಿ. ಎಣಿಸಲು ಪೆನ್ನು, ಹಾಳೆ ಸಾಕು.

ಯಾರು ಎಷ್ಟು ಹೊತ್ತು ಆನ್‌ಲೈನ್ ಇದ್ದರು, ಹಸಿರು ಚುಕ್ಕಿ ಯಾವಾಗ ಹೋಯಿತು ಅಂತ ನೋಡಲು ಒಬ್ಬ ಮ್ಯಾನೇಜರ್ ಶುರು ಮಾಡಿದರೂ ಸುದ್ದಿ ಒಂದೇ ದಿನದಲ್ಲಿ ಇಡೀ ಫ್ಯಾಕ್ಟರಿಗೆ ಹಬ್ಬುತ್ತದೆ. ಹಾಗೆ ಮಾಡುವುದಿಲ್ಲ ಅಂತ ಅರ್ಧ ಹಾಳೆಯ ನಿಯಮದಲ್ಲೇ ಬರೆಯಿರಿ. ಪಾಳಿ ಮುಗಿದ ಮೇಲೆ ಉತ್ತರಿಸಬೇಕಿಲ್ಲ ಅಂತಲೂ ಬರೆಯಿರಿ. ಮೊಬೈಲ್ ಟೀಮ್ಸ್‌ನಲ್ಲಿ ನಿಗದಿತ ಹೊತ್ತು ನೋಟಿಫಿಕೇಷನ್ ನಿಲ್ಲಿಸುವ ಸೆಟಿಂಗ್ ಇದೆ, ಪ್ರತಿಯೊಬ್ಬರ ಫೋನಿನಲ್ಲೂ ಅದನ್ನು ಹಾಕಿಕೊಡಿ.

ವಾರಕ್ಕೊಮ್ಮೆ 15 ನಿಮಿಷ ನಿಂತುಕೊಂಡೇ ಮೀಟಿಂಗ್. ‘ಪೈಲಟ್ ತಕರಾರು’ ಚಾನೆಲ್‌ನಲ್ಲಿ ಬಂದಿದ್ದರಲ್ಲಿ ಕನಿಷ್ಠ ಎರಡನ್ನು ಆ ವಾರವೇ ಸರಿಮಾಡಿ, ಸರಿಮಾಡಿದ್ದನ್ನು ಅಲ್ಲೇ ಹೇಳಿ. ಮೂರನೇ ವಾರ ಉತ್ಸಾಹ ಇಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ಆಗಲೇ ಡ್ರಾಯಿಂಗ್ ಚಾನೆಲ್ ಶುರುವಾಗುವುದರಿಂದ ಜನ ಮತ್ತೆ ಒಳಗೆ ಬರುತ್ತಾರೆ.

9. ಬೇಕಾ ಬೇಡವಾ ಅನ್ನುವ ತೀರ್ಮಾನ

‘ಇಷ್ಟಾದರೆ ಮುಂದುವರಿಸುತ್ತೇವೆ, ಇಷ್ಟಾಗದಿದ್ದರೆ ನಿಲ್ಲಿಸುತ್ತೇವೆ’ ಅಂತ ಶುರುವಿನಲ್ಲೇ ಬರೆದು ಎಂಡಿ ಸಹಿ ಹಾಕಿಸಿ. ಉದಾಹರಣೆಗೆ: ಕೊನೆಯ ಎರಡು ವಾರದ ಪ್ರತಿ ಹತ್ತು ಹ್ಯಾಂಡೋವರ್‌ನಲ್ಲಿ ಒಂಬತ್ತು ಹೊತ್ತಿಗೆ ಸರಿಯಾಗಿ ಬರಬೇಕು, ಹಳೆಯ ರೆವಿಷನ್ ಒಂದೂ ಸಿಗಬಾರದು. ಆರು ವಾರ ದುಡಿದ ಮೇಲೆ ಎಲ್ಲರಿಗೂ ‘ಚೆನ್ನಾಗಿದೆ’ ಅನ್ನಿಸುತ್ತದೆ. ಆಗ ಗೆರೆ ಎಳೆದರೆ ನಾವು ನಿಂತಲ್ಲೇ ಎಳೆಯುತ್ತೇವೆ.

ಖರ್ಚನ್ನು ಪೈಲಟ್‌ನ 20–25 ಜನಕ್ಕಲ್ಲ, 180 ಜನಕ್ಕೆ ಲೆಕ್ಕ ಹಾಕಿ. ಲೈಸೆನ್ಸ್, ಅದರ ಮೇಲೆ 18% ಜಿಎಸ್‌ಟಿ, ಪಾಸ್‌ವರ್ಡ್ ಮರೆತವರಿಗೆ ಉತ್ತರ ಕೊಡುವ ಐಟಿಯವರ ಸಮಯ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. 180 ಜನಕ್ಕೆ ಹೋಗುವುದಾದರೆ ಐಟಿಯವರ ಬದಲು ಪ್ರಿಂಟರ್ ನೋಡಿಕೊಳ್ಳಲು ಬೇರೆ ಯಾರಾದರೂ ಬೇಕು.

ಹರಡುವಾಗಲೂ ವಿಭಾಗದ ಲೆಕ್ಕದಲ್ಲಿ ಹೋಗಬೇಡಿ, ಕೆಲಸದ ಲೆಕ್ಕದಲ್ಲಿ ಹೋಗಿ. ಹ್ಯಾಂಡೋವರ್ ಆಯ್ತು, ಡ್ರಾಯಿಂಗ್ ಆಯ್ತು, ಮುಂದೆ ಡಿಸ್ಪ್ಯಾಚ್. ಅಲ್ಲಿಯ ಸರಪಳಿಯಲ್ಲಿರುವ ಸ್ಟೋರ್ಸ್, ಅಕೌಂಟ್ಸ್, ಸೇಲ್ಸ್‌ನವರು ಒಟ್ಟಿಗೆ ಬರಲಿ, ಮತ್ತೆ ಎಂಟನೇ ದಿನ ಅವರ ಹಳೆಯ ಗ್ರೂಪ್ ಮುಚ್ಚಲಿ. ಪೈಲಟ್‌ನಲ್ಲಿದ್ದ ಆ ‘ನಮಗ್ಯಾಕೆ ಸ್ವಾಮಿ’ ಹಿರಿಯರು ಒಪ್ಪಿದ್ದರೆ, ಎರಡನೇ ಸುತ್ತಿನ ತರಬೇತಿಗೆ ಅವರನ್ನೇ ನಿಲ್ಲಿಸಿ. ಸೆಟ್ಟರ್‌ಗಳು ಐಟಿಯವರ ಮಾತಿಗಿಂತ ಅವರ ಮಾತು ಕೇಳುತ್ತಾರೆ.

ನಿಲ್ಲಿಸುವ ತೀರ್ಮಾನವಾದರೆ ಅದನ್ನೂ ಸರಿಯಾಗಿ ಮಾಡಿ. ವಾಟ್ಸ್‌ಆ್ಯಪ್ ಗ್ರೂಪ್ ಮತ್ತೆ ಎಲ್ಲರಿಗೂ ತೆರೆಯಿರಿ. ಆರು ವಾರದ ಸಂದೇಶ, ಫೈಲುಗಳನ್ನು ಹೊರಗೆ ತೆಗೆದು ಸರ್ವರಿನಲ್ಲಿಡಿ. ಯಾಕೆ ನಿಲ್ಲಿಸಿದ್ದು ಅಂತ ಪೈಲಟ್‌ನಲ್ಲಿದ್ದವರಿಗೆ ಹೇಳಿ, ಇಲ್ಲದಿದ್ದರೆ ಮುಂದಿನ ಸಲ ಕರೆದರೆ ಯಾರೂ ಬರುವುದಿಲ್ಲ. ಟ್ರಯಲ್ ಮುಗಿಯುವ ತಾರೀಕಿಗೆ ಐದು ದಿನ ಮುಂಚಿನ ಒಂದು ರಿಮೈಂಡರ್ ಹಾಕಿಕೊಂಡು, ಆ ದಿನ ಆಟೋ ರಿನ್ಯೂವಲ್ ಆಫ್ ಮಾಡಿ. ಕಾರ್ಡ್ ಅಕೌಂಟ್ಸ್‌ನವರ ಹೆಸರಿನಲ್ಲಿದ್ದರೆ ಅವರಿಗೂ ಒಂದು ಮಾತು ತಿಳಿಸಿ.